ಲಿಫ್ಟಿನಲ್ಲಿ ಕನ್ನಡ

ಆಫ್ರಿಕಾದವರ ಹಬ್ಬದಲ್ಲಿ ನಮ್ಮ ಕನ್ನಡದವರಿಗೇನು ಕೆಲಸ ಅಂತ ನಿನ್ನೆ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ರಲ್ಲ ಶಾಮಸುಂದರಣ್ಣ, ಕೆಲಸ ಇದೆ. ಎಸಿ ಕಂಪ್ಲೇಂಟಿಗೆ ಅಂತ ನನ್ನನ್ನೂ ಸೇರಿಸಿದ ಗ್ರೂಪು ಅದು. ಕನ್ನಡದಲ್ಲಿ ಬರೆದದ್ದು ನನಗೆ ಓದ್ಲಿಕ್ಕೆ ಬರ್ತದೆ ಅಂತ ನಿಮಗ್ಯಾರಿಗೂ ಗೊತ್ತಿರ್ಲಿಲ್ಲ.

ಶಾಮಸುಂದರಣ್ಣ ಇವತ್ತು ಬಂದಿಲ್ಲ. ಅವರ ಎಸಿ ಮೊನ್ನೆ ತಾನೇ ಸರಿ ಮಾಡಿದ್ದೇನೆ, ಮನೆಯಲ್ಲಿ ತಂಪಾಗಿ ಕೂತಿರ್ಬಹುದು. ನೀವು ಬಂದಿದ್ದೀರಿ. ಆದ್ದರಿಂದ ಅಧ್ಯಕ್ಷರಾದ ಕೃಷ್ಣಪ್ಪನವರೇ, ಕಪ್ಪು ಜನರ ಚರಿತ್ರೆಯ ಈ ಹಬ್ಬವನ್ನು ಹೊತ್ತು ನಿಂತ ನೈರೋಬಿಯ ಎವ್ಲಿನ್ ಸಿಸ್ಟರೇ, ನೈಜೀರಿಯಾ, ಇಥಿಯೋಪಿಯಾದ ಅತಿಥಿಗಳೇ, ಅಲ್ ನಹ್ದಾದ ಈ ಬಿಲ್ಡಿಂಗಿನ ನನ್ನ ಸಭಿಕರೇ, ನಮಸ್ಕಾರ.

ಯಾಕೆ, ಯಾರೂ ಚಪ್ಪಾಳೆ ಹೊಡೆಯೋದಿಲ್ವಾ? ಎಸಿ ರಿಪೇರಿಯ ಆಫ್ರಿಕಾದ ಹುಡುಗನ ಬಾಯಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಯೋಚನೆಯಾ? ನಾನು ಸೂರಜ ಸಿದ್ದಿ. ಯಲ್ಲಾಪುರ ತಾಲೂಕು. ಎಸ್ಸೆಸ್ಸೆಲ್ಸಿ, ಕನ್ನಡದಲ್ಲಿ ನೂರಾ ಹದಿನಾಲ್ಕು. ಗಣಿತದ್ದು ಕೇಳ್ಬೇಡಿ. ನೂರಾರು ವರ್ಷದ ಹಿಂದೆ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಗೋವೆಗೆ ತಂದರು. ಅವರಿಗೆ ಯಾರೂ ವೀಸಾ ಕೇಳ್ಲಿಲ್ಲ. ತಪ್ಪಿಸಿಕೊಂಡು ಘಟ್ಟದ ಕಾಡು ಹತ್ತಿದವರ ಮಕ್ಕಳು ನಾವು.

ಈ ಅರಬ್ ದೇಶಕ್ಕೆ ಬಂದ ಮೊದಲ ವಾರ ಎಸಿ ನೋಡ್ಲಿಕ್ಕೆ ಒಂದು ಫ್ಲ್ಯಾಟಿಗೆ ಹೋದೆ. ಒಳಗೆ ಕನ್ನಡ ಕೇಳಿಸ್ತು. ಎಷ್ಟು ಖುಷಿ ಆಯ್ತು ಗೊತ್ತಾ? ನಮಸ್ಕಾರ ಅನ್ಲಿಕ್ಕೆ ಬಾಯಿ ತೆರೆದೆ. ಶಾಮಸುಂದರಣ್ಣ ನನ್ನ ಮುಖ ನೋಡಿ ನಗ್ತಾ ಹೆಂಡತಿಗೆ ಹೇಳಿದ್ರು, "ಪರ್ಸ್ ಒಳಗಿಡು, ಕರಿಯ ಬಂದಿದ್ದಾನೆ." ಆ ದಿನ ಮುಚ್ಚಿದ ಬಾಯಿ. ನಾಲ್ಕು ವರ್ಷ ಆಯ್ತು.

ಹೆದರ್ಬೇಡಿ, ನಿಮ್ಮ ಮನೆಗಳಲ್ಲಿ ಕೇಳಿದ ಅತ್ತೆ ಸೊಸೆ ಜಗಳ ಇಲ್ಲಿ ಹೇಳೋದಿಲ್ಲ. ಕೇಳಿಯೂ ಕೇಳದವನ ಹಾಗೆ ಇದ್ದದ್ದು ನನ್ನದೂ ತಪ್ಪು. ಒಂದೇ ಒಂದು ಹೇಳ್ತೇನೆ. ಆರನೇ ಮಹಡಿಯ ಜಲಜಾಕ್ಷಿ ಅಕ್ಕ, ಅಗೋ ಅಲ್ಲಿದ್ದಾರೆ, ಒಮ್ಮೆ ಫೋನಲ್ಲಿ ಯಾರಿಗೋ ಹೇಳ್ತಾ ಇದ್ರು, "ಈ ಹುಡುಗ ಏನೂ ತಿಂದ ಹಾಗೆ ಕಾಣೂದಿಲ್ಲ ಮಾರಾಯ್ತಿ. ಇವನ ಅಮ್ಮ ಎಲ್ಲಿದ್ದಾಳೋ." ಆಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿ, ಖಾರ ಉಂಟು, ನಿಧಾನ ಅಂತ ಕೈಸನ್ನೆ. ಅಕ್ಕ, ನನ್ನ ಅಮ್ಮ ತೀರಿಕೊಂಡು ಆಗ ಇಪ್ಪತ್ತು ದಿನ. ರಜೆ ಸಿಕ್ಕಿರ್ಲಿಲ್ಲ. ಹೋಗ್ಲಿ, ಆ ಮಾತು ಬೇಡ. ಬಂಗುಡೆ ಚೆನ್ನಾಗಿತ್ತು.

ವಿಷಯಕ್ಕೆ ಬರ್ತೇನೆ. ನನ್ನ ತಂಗಿ ಸಾಕ್ಷಿ ಊದ್ ಮೇಥಾದ ಕ್ಲಿನಿಕ್ಕೊಂದಕ್ಕೆ ನರ್ಸಾಗಿ ಇವತ್ತು ಬರ್ತಾ ಇದ್ದಾಳೆ. ಎವ್ಲಿನ್ ಸಿಸ್ಟರ್ ಇದೇ ಬಿಲ್ಡಿಂಗಿನ ತಮ್ಮ ರೂಮಲ್ಲಿ ಜಾಗ ಕೊಟ್ಟಿದ್ದಾರೆ. ಅವಳಿಗೆ ನಾಲ್ಕು ವರ್ಷ ಫೋನಲ್ಲಿ ನಾನು ಹೇಳಿದ್ದೇನು? ಇಲ್ಲಿ ಎಲ್ಲ ನಮ್ಮವರೇ, ಲಿಫ್ಟಲ್ಲೂ ಕನ್ನಡವೇ ಅಂತ. ಹಸಿ ಸುಳ್ಳು. ಅವಳೋ, ಬಾಯಿ ಮುಚ್ಚಿ ಗೊತ್ತಿಲ್ಲದವಳು.

ನಿನ್ನೆ ಎವ್ಲಿನ್ ಸಿಸ್ಟರಿಗೆ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ನೋಡಿ, ಗೋಡೆಯ ಮೇಲೆ ಆಫ್ರಿಕಾದ ಭೂಪಟ ಇದೆಯಲ್ಲ, ಅದರ ಪಕ್ಕಕ್ಕೆ ಇಂಡಿಯಾವನ್ನೂ ಅಂಟಿಸಿ ಯಲ್ಲಾಪುರಕ್ಕೊಂದು ಗುಂಡುಪಿನ್ನು ಚುಚ್ಚಿದ್ರು. ನಾಳೆ ನಿನ್ನ ಭಾಷೆಯಲ್ಲೇ ಮಾತಾಡು ಅಂದ್ರು. ಇವತ್ತು ಒಂದು ಮಾತೂ ಅರ್ಥ ಆಗದೆ ನಗ್ತಾ ಕೂತವರು ಅವರು. ಅರ್ಥ ಆಗಿಯೂ ಆಗದವನ ಹಾಗೆ ಕೂತ ನನಗೆ ಆ ಕಷ್ಟ ಗೊತ್ತು.

ನಾನು ಭಾಷಣಕ್ಕೆ ಬಂದವನಲ್ಲ. ಒಂದು ಸುಳ್ಳನ್ನು ನಿಜ ಮಾಡಿಕೊಡಿ ಅಂತ ಕೇಳ್ಲಿಕ್ಕೆ ಬಂದವನು. ಸಂಜೆ ಏಳಕ್ಕೆ ಅವಳ ಜೊತೆ ಲಿಫ್ಟ್ ಹತ್ತುತ್ತೇನೆ. ಯಾರಾದ್ರೂ ಒಬ್ರು ಕೇಳಿ, "ಊಟ ಆಯ್ತಾ ತಂಗಿ" ಅಂತ. ಅಷ್ಟೇ.

ಜಲಜಾಕ್ಷಿ ಅಕ್ಕ, ಎಲ್ಲಿಗೆ ಎದ್ರಿ? ಓ, ಸರಿ, ಹೋಗಿ. ಕುಚ್ಚಲಕ್ಕಿ ಬೇಯ್ಲಿಕ್ಕೆ ಹೊತ್ತು ಹಿಡೀತದೆ.

ವಿಮಾನ ಇಳಿಯುವ ಹೊತ್ತಾಯ್ತು, ನಾನೂ ಹೊರಡ್ತೇನೆ. ಕೇಳಿದ ನಿಮಗೂ, ಅರ್ಥವಾಗದೆಯೂ ಕೇಳಿದ ಅತಿಥಿಗಳಿಗೂ ಋಣಿ. "ಬಾಗಿಲು ಹಾಕಿ, ತಂಪೆಲ್ಲ ಹೊರಗೆ ಹೋಗ್ತದೆ" ಅಂತ ನಾಲ್ಕು ವರ್ಷ ನಿಮಗೆ ಇಂಗ್ಲಿಷಲ್ಲಿ ಹೇಳಿದೆ, ಯಾರೂ ಕೇಳ್ಲಿಲ್ಲ. ಇವತ್ತು ಕನ್ನಡದಲ್ಲೇ ಹೇಳಿದ್ದೇನೆ, ಬಾಗಿಲು ನಾನೇ ಹಾಕಿಕೊಂಡು ಹೋಗ್ತೇನೆ. ನಮಸ್ಕಾರ.