ಇಲ್ಲದ ಚಿಕ್ಕಪ್ಪನ ಪಾಲಿನ ಕೇಕು

ಸಮುದ್ರದಾಚೆಯ ಒಂದು ಚಳಿಯೂರಿನಲ್ಲಿ, ಪ್ರಿಯರೇ, ನಮ್ಮ ಗದಗಿನ ಕಡೆಯ ಒಬ್ಬ ಹುಡುಗಿ ಓದುತ್ತಿದ್ದಳು. ಹೆಸರು ಬೇಡ, ನಮ್ಮ ಚರ್ಚಿನ ಸಭೆಯವಳೇ ಅಂದುಕೊಳ್ಳಿ. ಕ್ರಿಸ್ಮಸ್ ರಜೆ ಬಂತು. ಪ್ರೊಫೆಸರು, "ಹಬ್ಬಕ್ಕೆ ನಮ್ಮ ಮನೆಗೆ ಬಾ" ಎಂದರು. ಹೋಗಬೇಕೆಂದು ಅವಳ ಜೀವ ಹಾತೊರೆಯಿತು. ಬಾಯಿ ಏನಂತು? "ಬೇಡ ಸರ್, ಚಿಕ್ಕಪ್ಪನ ಮನೆಗೆ ಹೊರಟಿದ್ದೇನೆ." ಆ ದೇಶದಲ್ಲಿ ಅವಳಿಗೆ ಚಿಕ್ಕಪ್ಪ ಎಲ್ಲಿಂದ ಬರಬೇಕು? ನಮ್ಮಲ್ಲಿ ಬೇಡ ಎಂದವರನ್ನು ಕೈಹಿಡಿದು ಎಳೆಯುತ್ತಾರಲ್ಲ, ಆ ಎರಡನೆಯ ಕರೆಗೆ ಅವಳು ಕಾದಳು. ಪ್ರೊಫೆಸರು "ಒಳ್ಳೆಯದು" ಎಂದು ಹೋಗಿಯೇಬಿಟ್ಟರು.

ಹೇಳಿದ ಸುಳ್ಳನ್ನು ಸಾಕಬೇಕಲ್ಲ, ನೋಡಿ. ಹಾಸ್ಟೆಲಿನ ವಾರ್ಡನ್ ಆ ಚಿಕ್ಕಪ್ಪನಿಗೆಂದು ಒಂದು ಕೇಕು ಕೊಟ್ಟು, "ನಾನೂ ಮಗಳ ಮನೆಗೆ ಹೊರಟೆ" ಎಂದು ಕೈಬೀಸಿದಳು. ಹುಡುಗಿ ಸೂಟ್‌ಕೇಸ್ ಎಳೆದುಕೊಂಡು ಮುಂಬಾಗಿಲಿನಿಂದ ಹೊರಟು, ಕಟ್ಟಡ ಸುತ್ತಿ, ಹಿಂಬಾಗಿಲಿನಿಂದ ತನ್ನ ಕೋಣೆಗೇ ಬಂದು ಸೇರಿದಳು! ದೀಪ ಹಚ್ಚಲಿಲ್ಲ, ಪರದೆ ಸರಿಸಲಿಲ್ಲ. ಚಿಕ್ಕಪ್ಪನ ಕೇಕು ಮೊದಲ ದಿನವೇ ಮುಗಿಯಿತು. ಮೇಲಿನ ಮಹಡಿಯಲ್ಲಿ ನಲ್ಲಿಯ ಸದ್ದಾದರೆ ಕಳ್ಳನೆಂದು ಮಂಚದ ಕೆಳಗೆ ನುಗ್ಗುತ್ತಿದ್ದಳು.

ಹಬ್ಬದ ಬೆಳಿಗ್ಗೆ ತಾಯಿಯ ಫೋನು.

"ಯಾರ ಮನ್ಯಾಗ ಅದೀಯವ್ವಾ?"

"ಪ್ರೊಫೆಸರ್ ಮನ್ಯಾಗ. ಇಪ್ಪತ್ತು ಮಂದಿ ಕೂಡ್ಯಾರ."

"ಒಬ್ಬರಿಗರ ಫೋನ್ ಕೊಡು, ಹಬ್ಬದ ಶುಭಾಶಯ ಹೇಳತೀನಿ."

"ಎಲ್ಲಾರೂ ಜಳಕಕ್ಕ ಹೋಗ್ಯಾರವ್ವಾ."

"ಇಪ್ಪತ್ತೂ ಮಂದಿ?"

ಫೋನಿಟ್ಟು ಅತ್ತಳು. ಅತ್ತ ಮೇಲೆ ಹಸಿವಾಯಿತು. ಕಳ್ಳಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಳು. ಊರಿನಿಂದ ತಂದ ಒಣಮೆಣಸಿನಕಾಯಿ ಕರಟಿ ಘಾಟೆದ್ದಿತು. ಹೊಗೆ ಕಂಡರೆ ಬಡಿದುಕೊಳ್ಳುವ ಗಂಟೆಯೊಂದು ಅಲ್ಲಿತ್ತು. ಕಟ್ಟಡವೇ ನಡುಗುವಂತೆ ಬಡಿದುಕೊಂಡಿತು.

ಹುಡುಗಿ ಕೈಯಲ್ಲಿ ಸೌಟು ಹಿಡಿದೇ ಹೊರಗಿನ ಹಿಮಕ್ಕೆ ಓಡಿದಳು. ಅವಳ ಹಿಂದೆ ಯಾರು ಬಂದರು ಗೊತ್ತೇ? ಯಾರೂ ಇಲ್ಲದ ಆ ಕಟ್ಟಡದಿಂದ ಕೆಮ್ಮುತ್ತ ಒಂಬತ್ತು ಮಂದಿ! ಕಡಲತೀರದಲ್ಲಿದ್ದೇನೆ ಎಂದು ಮನೆಯವರಿಗೆ ದಿನಕ್ಕೊಂದು ಫೋಟೋ ಕಳಿಸುತ್ತಿದ್ದ ಹುಡುಗ ಚಡ್ಡಿಯಲ್ಲಿ, ತಂಪು ಕನ್ನಡಕದಲ್ಲಿ. ಎಲ್ಲರಿಗಿಂತ ಕೊನೆಗೆ, ಕಂಬಳಿ ಹೊದ್ದ ವಾರ್ಡನ್.

"ನಿನ್ನ ಚಿಕ್ಕಪ್ಪ ಎಲ್ಲಿ?" ಎಂದಳು ವಾರ್ಡನ್.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ನುಂಗಿಕೊಂಡಳು. "ಚಿಕ್ಕಪ್ಪ ಇಲ್ಲ. ಕೇಕು ನಾನೇ ತಿಂದೆ. ನಿಮ್ಮ ಮಗಳು?"

"ಕರೆದಳು. ಬೇಡ ಎಂದೆ. ಮತ್ತೆ ಕರೆಯಲಿಲ್ಲ."

ನೋಡಿ, ಈ ರೋಗ ನಮ್ಮೊಬ್ಬರದೇ ಅಲ್ಲ.

"ರವೆ ಇದೆ. ಉಪ್ಪಿಟ್ಟು ಮಾಡುತ್ತೇನೆ, ಎಲ್ಲರೂ ಬನ್ನಿ" ಎಂದಳು ಹುಡುಗಿ. ಚಡ್ಡಿಯ ಹುಡುಗ ಹಲ್ಲು ಕಟಕಟಿಸುತ್ತ, "ನನ್ನ ಊಟ ಆಗಿದೆ" ಎಂದ. ಅವಳು ತೋಳು ಹಿಡಿದು ಎಳೆದಳು. "ಆಗಿಲ್ಲ. ಬಾ."

ನಗುತ್ತೀರಿ, ಪ್ರಿಯರೇ. ಆರಾಧನೆ ಮುಗಿದ ಮೇಲೆ ಇದೇ ಬಾಗಿಲಲ್ಲಿ ನಾವು ಏನು ಮಾಡುತ್ತೇವೆ? "ಆರಾಮ?" "ಆರಾಮ." ಮುಗಿಯಿತು. ಆಮೇಲೆ ನಮ್ಮಲ್ಲಿ ಎಷ್ಟು ಜನ ಪರದೆ ಎಳೆದುಕೊಂಡು ಕೂರುತ್ತೇವೆ? ಇವತ್ತು ಮಧ್ಯಾಹ್ನವೇ ಒಬ್ಬರನ್ನು ಊಟಕ್ಕೆ ಕರೆಯಿರಿ. ಬೇಡ ಅಂದರೆ ಇನ್ನೊಮ್ಮೆ ಕರೆಯಿರಿ. ನಿಮ್ಮನ್ನು ಯಾರಾದರೂ ಕರೆದರೋ, ಮೊದಲ ಸಲಕ್ಕೇ ಹೂಂ ಅನ್ನಿ. ಮನೆಯಲ್ಲಿ ಬರೀ ಉಪ್ಪಿಟ್ಟಿದ್ದರೂ ಸರಿ. ಮೆಣಸಿನಕಾಯಿ ಸ್ವಲ್ಪ ಕರಟಲಿ, ಬೀದಿಗೆಲ್ಲ ಗೊತ್ತಾಗಲಿ.