ಇಪ್ಪತ್ತರಿಂದ ಮೂರಕ್ಕೆ

ರಾಚ್‌ಡೇಲ್ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಗ್ಲೆನಿಸ್ ಪಕ್ಕ ಕೂತಿದ್ದ ಅಪರಿಚಿತ ಮುದುಕ ಕೈಯಲ್ಲಿದ್ದ ಇ-ಸಿಗರೇಟು ಎಳೆದು ಕೆಮ್ಮುತ್ತಲೇ ಇದ್ದ. ಮಗಳು ಅವನ ಬೆನ್ನು ಸವರುತ್ತಿದ್ದಳು.

"ಈ ವೇಪ್ ಸಹವಾಸ ಸಾಕು ಬೆವರ್ಲಿ, ತಲೆ ಸುತ್ತುತ್ತೆ. ಮತ್ತೆ ಸಿಗರೇಟೇ ಸೇದ್ತೀನಿ."

"ಸಿಗರೇಟು ಮುಟ್ಟಲ್ಲ ಅಂತ ಅಮ್ಮ ಸಾಯೋವಾಗ ಮಾತು ಕೊಟ್ಟಿದ್ದೀಯಲ್ಲಪ್ಪ! ಅವಳ ಈ ವೇಪ್ ಮಿಷನ್ನಿಗೆ ಯಾವ ಲಿಕ್ವಿಡ್ ತುಂಬಿಸ್ದೆ?"

"ನನ್ನ ಹಳೇದನ್ನೇ. ನಿಕೋಟಿನ್ ಇಪ್ಪತ್ತು ಮಿಲಿಗ್ರಾಂ ಇರೋದು."

"ಅಯ್ಯೋ, ಅದು ನಿನ್ನ ಪುಟ್ಟ ವೇಪ್ ಪೆನ್ನಿಗೆ. ಇದು ದೊಡ್ಡದು, ಒಂದೊಂದು ದಮ್ಮಿಗೂ ರಾಶಿ ಹೊಗೆ. ಮೂರಿದ್ರೆ ಸಾಕು. ಅಮ್ಮ ಹಾಕ್ತಿದ್ದಿದ್ದೂ ಮೂರೇ."

"ನಂಗೆ ಯಾವತ್ತೂ ಹೇಳ್ಲಿಲ್ಲ."

"ನೀನು ಕೇಳಿದ್ಯಾ?"

ಮುದುಕ ಮಿಷನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಪೆನ್ನು ಚೆನ್ನಾಗೇ ಇತ್ತಲ್ಲಪ್ಪ, ಇದನ್ಯಾಕೆ ತಗೊಂಡೆ?"

"ಮನೇಲಿ ಅವಳ ವಾಸನೆ ಹೋಗ್ತಾ ಇತ್ತು."

ಬಸ್ಸು ಬಂತು. ಮಗಳು ಬಗ್ಗಿ ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ಬಾ, ಈ ಬಸ್ಸಲ್ಲೇ ವೇಪ್ ಅಂಗಡಿಗೆ ಹೋಗೋಣ. ಮೂರರ ಲಿಕ್ವಿಡ್ ತಗೊಳ್ಳೋಣ. ಅಮ್ಮನ ಕಸ್ಟರ್ಡ್ ಘಮದ್ದೇ."