ಕೆಂಚನ ಮುಖದ ಅಚ್ಚು

"ಹಲೋ... ಯಾರು ಮಾತಾಡ್ತಿರಾದು? ಹಿರೀಸಾವೆ ಭಾಗ್ಯಕ್ಕನಾ?... ನಾನ್ ಕಣಕ್ಕ, ಹಾಸನದ ದನದಾಸ್ಪತ್ರೆ ಮಂಜೇಶ."

ವಿಕಿರಣ ಚಿಕಿತ್ಸೆಗೆ ಬರುವ ಪ್ರಾಣಿಗಳು ಅಲುಗಾಡದಂತೆ ಹಿಡಿದಿಡುವ ಸಾಧನಗಳನ್ನು ಮಾಡುವುದು ಮಂಜೇಶನ ಕೆಲಸ. ಭಾಗ್ಯಲಕ್ಷ್ಮಿಯವರ ನಾಯಿ ಕೆಂಚನ ಮೂಗಿನೊಳಗೆ ಗಡ್ಡೆಯಾಗಿತ್ತು. ಬಿಸಿನೀರಲ್ಲಿ ಮೆದುವಾಗುವ ಪ್ಲಾಸ್ಟಿಕ್ ಹಾಳೆಯಿಂದ ಅವನ ಮುಖಕ್ಕೆಂದೇ ಎರಡನೆಯ ಸಲ ಮಾಡಿದ ಅಚ್ಚು ಮೇಜಿನ ಮೇಲಿತ್ತು. ಅದು ಸರಿಬಂದ ಖುಷಿ ತಡೆಯಲಾರದೆ ಫೋನ್ ಮಾಡಿದ್ದ.

"ಮೊದಲಿನದರಲ್ಲಿ ಗದ್ದ ಜಾರ್ತಿತ್ತಲ್ವಾ? ಈಗ ಮೇಲಿನ ಹಲ್ಲು ಕೂರಾಕೆ ಪಟ್ಟಿ ಇಟ್ಟಿವ್ನಿ. ಒಂಚೂರೂ ಅಲ್ಲಾಡಲ್ಲ. ಕಣ್ಣಿಗೆ ಕಿರಣ ತಾಕ್ತದೆ ಅನ್ನೋ ಭಯ ಇಲ್ಲ. ಸೋಮವಾರ ಕರ್ಕೊಂಡ್ ಬಂದ್ಬುಡಿ..."

"ಹಾಂ?... ಕೇಳಿಸ್ತಿಲ್ಲ, ವಸಿ ಗಟ್ಟಿಯಾಗಿ ಮಾತಾಡಿ... ಯಾಕಕ್ಕ, ಅಳ್ತಿದ್ದೀರಾ?"

"...ಯಾವಾಗ?... ಇವತ್ತು ಬೆಳಿಗ್ಗೇನಾ?"

ಮಂಜೇಶ ಸ್ಟೂಲ್ ಎಳೆದುಕೊಂಡು ಕುಳಿತ.

"ಮೂಗಲ್ಲಿ ರಕ್ತ ನಿಲ್ಲಲೇ ಇಲ್ವಾ?... ನಿಮ್ ಮಡ್ಲಲ್ಲೇನಾ?... ಅಯ್ಯೋ ಶಿವನೇ."

"ಮೊದಲ್ನೇ ಅಚ್ಚಲ್ಲೇ ಸುರು ಮಾಡಿದ್ರೆ ಉಳೀತಿದ್ನಾ ಅಂತಲಾ?... ಗೊತ್ತಿಲ್ಲ ಕಣಕ್ಕ. ಡಾಕ್ಟ್ರು ಕಷ್ಟ ಅಂದಿದ್ರು. ಆದ್ರೂ... ಗೊತ್ತಿಲ್ಲ. ಜಾರಿದ್ರೆ ಕಣ್ಣೇ ಓಗ್ತಿತ್ತು. ಅದ್ಕೇ ಇನ್ನೊಂದ್ಸಲ ಮಾಡ್ತೀನಿ ಅಂದೆ."

"ಇಲ್ಲಕ್ಕ, ನೋವಾಗ್ನಿಲ್ಲ. ಅಚ್ಚು ತಗೊಳ್ವಾಗ ಮದ್ದಿನ ಮತ್ತಲ್ಲಿದ್ದ. ಎಚ್ಚರ ಆದೇಟ್ಗೆ ಬಾಗ್ಲ ಕಡೇನೇ ನೋಡ್ತಿದ್ದ, ನೀವೆಲ್ಲಿ ಅಂತ..."

"ಬೇರೆ ನಾಯಿಗಾ?... ಇಲ್ಲ, ಇದು ಇನ್ಯಾವುದಕ್ಕೂ ಕೂರಲ್ಲ. ಬಿಸಿನೀರಿಗೆ ಆಕಿದ್ರೆ ಮತ್ತೆ ಚಪ್ಪಟೆ ಹಾಳೆ ಆಯ್ತದೆ, ಆಗ ಒಸದಾಗಿ ಮಾಡ್ಬೋದು. ಅರಕಲಗೂಡಿಂದ ಒಂದು ನಾಯಿ ಬಂದದೆ, ಅದಕ್ಕೂ ಮೂಗಲ್ಲೇ ಗಡ್ಡೆ..."

ಮಂಜೇಶನಿಗೆ ತಾನು ಅದನ್ನು ಹೇಳಬಾರದಿತ್ತು ಅನ್ನಿಸಿತು.

"ಏನಂದ್ರಿ?... ಬಿಸಿನೀರಿಗೆ ಆಕ್ಬುಡು ಅಂತೀರಾ?... ನಿಜವಾಗ್ಲೂ?... ಕೆಂಚನ ಮುಖ ಅಳಿಸ್ಕೊಂಡ್ ಓಗ್ತದೆ ಕಣಕ್ಕ. ನಂಗೇ ಕೈ ಬತ್ತಿಲ್ಲ."

"ಒಂದ್ಸಲ ಬನ್ನಿ. ಮೂಗು, ಕಣ್ಣುಬ್ಬು, ಎಲ್ಲಾ ಅಂಗೇ ಬಂದದೆ. ನೀವು ಸವರಿ ನೋಡಿ. ಆಮೇಲೆ ನೀರು ಕಾಯಿಸ್ತೀನಿ."

"ಮಣ್ಣು ಮಾಡ್ಬುಟ್ಟು ಬತ್ತೀರಾ?... ಇವತ್ತೇನಾ?... ಆಯ್ತಕ್ಕ, ಅಲ್ಲೀಗಂಟ ಮುಟ್ಟಲ್ಲ... ಅಕ್ಕ?... ಹಲೋ?..."

ಫೋನ್ ಕಡಿದುಹೋಗಿತ್ತು.